ತಿಮಿಂಗಿಲದ ಪಾಠ ಹೇಳುತ್ತಿದ್ದ ಅಕ್ಕೋರು

ಮುಧೋಳದ ಸಂತೆಯಲ್ಲಿ ತರಕಾರಿಯ ಸಾಲು ಮುಗಿಯುವ ಕಡೆ, ಗೋಡೆಗೆ ಒರಗಿಕೊಂಡು ಒಬ್ಬ ಹೆಂಗಸು ಒಣಮೀನು ಮಾರಲು ಕೂಡುತ್ತಾಳೆ. ನಮ್ಮದು ಮೀನು ತಿನ್ನುವ ಮನೆಯಲ್ಲ. ಆ ಜಾಗ ಬಂದಾಗ ಸೆರಗನ್ನು ಮೂಗಿಗೆ ಹಿಡಿದು ದಾಟಿಬಿಡುವುದು ನನ್ನ ರೂಢಿ. ಕಳೆದ ವಾರ ಎರಡೂ ಕೈಯಲ್ಲಿ ಚೀಲಗಳಿದ್ದವು. ವಾಸನೆ ಸೀದಾ ಒಳಗೆ ಹೋಯಿತು. ಉಪ್ಪು, ಬಿಸಿಲು, ಹಳೆಯ ಎಣ್ಣೆಯಂಥದ್ದೇನೋ... ಹಾಗೇ ನಿಂತುಬಿಟ್ಟೆ. ಕೊಳ್ಳಲು ನಿಂತಿದ್ದೇನೆಂದು ತಿಳಿದು ಆಕೆ ಮೀನಿನ ಮೇಲಿನ ನೊಣ ಓಡಿಸಿ, "ಬಾರವಾ, ಎಷ್ಟ ಕೊಡ್ಲಿ?" ಅಂದಳು. ಆಕೆಗೆ ನಾನು ಏನೆಂದೆನೋ ನೆನಪಿಲ್ಲ. ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಕೊಂಕಣದ ಒಂದು ದಂಡೆ, ಅಲ್ಲಿ ಒದ್ದೆ ಮರಳಿನಲ್ಲಿ ಮೊಣಕಾಲೂರಿ ಕುಳಿತ ಒಬ್ಬರ ಬೆನ್ನು.

ಅವರನ್ನು ಇಡೀ ಶಾಲೆ ವಿಜ್ಞಾನದ ಅಕ್ಕೋರು ಎಂದೇ ಕರೆಯುತ್ತಿತ್ತು. ಕನ್ನಡ ಕಲಿಸಲು ನಾನು ಬನಹಟ್ಟಿಯ ಆ ಹೈಸ್ಕೂಲಿಗೆ ಹೊಸದಾಗಿ ಸೇರಿದಾಗ ಅವರಿಗೆ ನಲವತ್ತು ಹತ್ತಿರವಾಗಿತ್ತು. ಇಬ್ಬರೂ ಒಂದೇ ಚಾಳಿನಲ್ಲಿ ಬಾಡಿಗೆಗಿದ್ದೆವು. ಅವರ ಕೋಣೆ, ನನ್ನ ಕೋಣೆ, ನಡುವೆ ಒಂದು ತೆಳ್ಳನೆಯ ಗೋಡೆ. ಸಂಜೆ ಅವರು ರೊಟ್ಟಿ ಬಡಿಯುವ ಸದ್ದು ನನಗೆ ಕೇಳಿಸುತ್ತಿತ್ತು. ಸದ್ದು ನಿಂತ ಸ್ವಲ್ಪ ಹೊತ್ತಿಗೆ, "ತಂಗೀ, ಬಿಸಿದ ಐತಿ, ಬಾ" ಎಂಬ ಕರೆಯೂ ಬರುತ್ತಿತ್ತು. ಗಲಗಲಿಯ ಕುರಿಗಾರರ ಮನೆಯ ಮಗಳು ಅವರು, ಬೀರೇಶ್ವರನ ಒಕ್ಕಲು. ಚಿಕ್ಕಂದಿನಲ್ಲಿ ಅಪ್ಪನ ಹಿಂಡಿನ ಹಿಂದೆ ಕೊಲ್ಲಾಪುರದ ಆಚೆಯವರೆಗೂ ಅಡ್ಡಾಡಿದವರು. ಆಮೇಲೆ ಜಮಖಂಡಿಯಲ್ಲಿ ಪ್ರಾಣಿಶಾಸ್ತ್ರ ಓದಿ ನೌಕರಿ ಹಿಡಿದರು. ಗಂಡ ಬೀಳಗಿ ತಾಲೂಕಿನ ಹೊಳೆದಂಡೆಯ ಹಳ್ಳಿಯಲ್ಲಿ ಕಬ್ಬು ಬೆಳೆಯುತ್ತಿದ್ದರು. ಶನಿವಾರ ಮಧ್ಯಾಹ್ನದ ಬಸ್ಸಿಗೆ ಹೋಗುವುದು, ಸೋಮವಾರ ಬೆಳಿಗ್ಗೆ ಮರಳುವುದು. ಮಕ್ಕಳಿರಲಿಲ್ಲ. ಯಾಕೆಂದು ನಾನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಸಸ್ತನಿಗಳ ಪಾಠ ಬಂದಾಗ ಅವರು ಪುಸ್ತಕ ಮುಚ್ಚಿಟ್ಟು ತಿಮಿಂಗಿಲಕ್ಕೆ ಹೋಗಿಬಿಡುತ್ತಿದ್ದರು. ಪುಸ್ತಕದಲ್ಲಿ ಅದಕ್ಕೆ ಇದ್ದದ್ದು ಎರಡೇ ಸಾಲು. ಅಕ್ಕೋರಿಗೆ ಅದು ಸಾಕಾಗುತ್ತಿರಲಿಲ್ಲ. ಒಂಬತ್ತನೆಯ ತರಗತಿಯನ್ನು ಬಯಲಿಗೆ ಕರೆತಂದು, ಧ್ವಜದ ಕಂಬದಿಂದ ಸುಣ್ಣದ ಗೆರೆ ಎಳೆಯುತ್ತ ಹೋಗಿ, ಆ ಗೆರೆಯ ಮೇಲೆ ಹುಡುಗರನ್ನು ಒಬ್ಬರ ಕಾಲಿಗೆ ಇನ್ನೊಬ್ಬರ ತಲೆ ಬರುವಂತೆ ಮಲಗಿಸುತ್ತಿದ್ದರು. ಮಲಗಿದವರು ನಗುತ್ತಿದ್ದರು, ಕಿಟಕಿಯಲ್ಲಿ ಎಂಟನೆಯ ತರಗತಿಯವರು ಇಣುಕುತ್ತಿದ್ದರು. "ನೀಲಿ ತಿಮಿಂಗಿಲ ಇಷ್ಟ ಉದ್ದ ಇರತೈತಿ. ಆದ್ರೂ ಅದು ಮೀನಲ್ಲ. ನಮ್ಮಂಗ ಹಡಿತೈತಿ, ಮರಿಗೆ ಮೊಲಿ ಕುಡಸ್ತೈತಿ. ನೀರಾಗ ಇದ್ರೂ ಉಸರಿಗೆ ಮ್ಯಾಲ ಬರಬೇಕು. ನಾವು ನಿದ್ದಿಗಣ್ಣಾಗೂ ಉಸರಾಡ್ತೇವಿ. ಅದು ಹಂಗಲ್ಲ, ಪ್ರತಿ ಉಸರೂ ನೆನಪಿಟ್ಟು ತಗೋಬೇಕು. ಅದಕ್ಕ ಮಲಗುವಾಗ ಅರ್ಧ ಮೆದುಳು ಎಚ್ಚರ ಇಟಗೊಂಡು ಮಲಗ್ತಾವ ಕೆಲವು ಜಾತಿ."

ಶಾಲೆಯ ಹಿಂದೆ ಪವರ್‌ಲೂಮಿನ ಶೆಡ್ಡುಗಳ ಸಾಲು. ಬೆಳಗಿನಿಂದ ಸಂಜೆಯವರೆಗೆ ಮಗ್ಗದ ಸದ್ದು ತಪ್ಪುತ್ತಿರಲಿಲ್ಲ. ನಾವೆಲ್ಲ ಅದರ ಮೇಲೆ ಕೂಗಿಯೇ ಪಾಠ ಮಾಡುತ್ತಿದ್ದೆವು. ಕರೆಂಟು ಹೋದರೆ ಮಾತ್ರ ಊರು ಒಮ್ಮೆಲೇ ಸುಮ್ಮನಾಗುತ್ತಿತ್ತು. ಅಂಥ ಒಂದು ಹೊತ್ತಿನಲ್ಲಿ, ನನಗೆ ಬಿಡುವಿದ್ದು ಅವರ ಪಾಠ ಕೇಳಲೆಂದೇ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಅಕ್ಕೋರು ದನಿ ಇಳಿಸಿ, "ಕೇಳ್ರಿ. ಹಿಂದಕ ಸಮುದ್ರ ಹಿಂಗಿತ್ತು" ಅಂದರು. ದೂರದಲ್ಲಿ ಯಾರೋ ಮಗುವನ್ನು ಕರೆಯುವುದು ಕೇಳಿಸುತ್ತಿತ್ತು. "ಒಂದ ತಿಮಿಂಗಿಲ ಕೂಗಿದ್ರ ಎಷ್ಟೋ ಊರಿನಷ್ಟು ದೂರ ಇನ್ನೊಂದಕ್ಕ ಮುಟ್ಟತಿತ್ತು. ಈಗ ಹಡಗದ ಸಪ್ಪಳ. ನಿಮ್ಮವ್ವ ಮಗ್ಗದ ಮುಂದ ನಿಂತು ಕರದ್ರ ನಿಮಗ ಕೇಳಸ್ತೈತೇನು? ಹಂಗ ಆಗೈತಿ."

ಆಮೇಲೆ ಮರಿ ಹುಟ್ಟುವುದನ್ನು ಹೇಳಿದರು. ಬಾಲ ಮೊದಲು ಬರುತ್ತದೆ. ಹುಟ್ಟಿದ ಕೂಡಲೇ ತಾಯಿ ಅದನ್ನು ಮೊದಲ ಉಸಿರಿಗೆ ಮೇಲೆತ್ತಬೇಕು. ಕೆಲವು ಜಾತಿಯಲ್ಲಿ ಹಿಂಡಿನ ಬೇರೆ ಹೆಣ್ಣುಗಳು ಸೂಲಗಿತ್ತಿಯರಂತೆ ಸುತ್ತ ನಿಂತು ಎತ್ತಲು ನೆರವಾಗುತ್ತವೆ. ಹಾಲು ಗಟ್ಟಿ ಮೊಸರಿನಂತಿರುತ್ತದೆ, ಇಲ್ಲವಾದರೆ ನೀರಿನಲ್ಲಿ ಕರಗಿ ಹೋದೀತು... ಮುಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ಕೇಳಿದಳು, "ಅಕ್ಕೋರ, ಎತ್ತಿದ್ರೂ ಮರಿ ಉಸರ ತಗೋಲಿಲ್ಲಂದ್ರ?"

ಅಕ್ಕೋರು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟರು. "ಆದ್ರೂ ಎತ್ತತಾಳ," ಅಂದರು. "ಸತ್ತ ಮರೀನ ತಲಿ ಮ್ಯಾಲ ಹೊತಗೊಂಡು ದಿನಗಟ್ಲೆ ಈಸಿದ ತಾಯಂದಿರನ್ನ ನೋಡಿದವರದಾರ. ಜಾರಿ ಬಿದ್ರ ಮುಳಗಿ ಮತ್ತ ಎತ್ತತಾಳ. ಹಿಂಡಿನವು ಆಕಿ ಜೋಡಿ ಸಾವಕಾಶ ಹೋಗ್ತಾವ. 'ಬಿಡಬೇ, ಆದದ್ದಾತು' ಅಂತ ಯಾವೂ ಅನ್ನೂದಿಲ್ಲ."

ಕರೆಂಟು ಬಂತು. ಮಗ್ಗಗಳು ಶುರುವಾದವು. ಅಕ್ಕೋರು ಮತ್ತೆ ಕೂಗಿ ಪಾಠ ಮಾಡಲಿಲ್ಲ. ಹೊರಗೆ ಹೋಗಿ ನಳದ ಕೆಳಗೆ ಬಹಳ ಹೊತ್ತು ಕೈ ತೊಳೆದರು.

ಆ ವರ್ಷ ಚಳಿಗಾಲದ ಪ್ರವಾಸ ಕೊಂಕಣಕ್ಕೆ. ಸಮುದ್ರವನ್ನು ಹಾಗೆ ಹತ್ತಿರದಿಂದ ನೋಡುವುದು ಅಕ್ಕೋರಿಗೂ ಮೊದಲ ಸಲ, ನನಗೂ. ಬೆಳಗಿನ ಬಿಸಿಲು ಏರುವ ಹೊತ್ತಿಗೆ ಬಸ್ಸು ದಂಡೆ ಮುಟ್ಟಿತು. ಅಲ್ಲಿ ಆಗಲೇ ಜನ ಮುತ್ತಿದ್ದರು. ನಡುವೆ ಕಪ್ಪಗೆ ಏನೋ ಬಿದ್ದಿತ್ತು. ಮಗುಚಿದ ದೋಣಿ ಎಂದುಕೊಂಡೆ. ಅಷ್ಟರಲ್ಲಿ ಅದು ಉಸಿರು ಬಿಟ್ಟಿತು. ನನ್ನ ಜೀವಮಾನದಲ್ಲಿ ಅಂಥ ಉಸಿರು ಕೇಳಿಲ್ಲ. ಹೊಟ್ಟೆಯ ಆಳದಿಂದ ಯಾರೋ ನಿಟ್ಟುಸಿರು ಹಾಕಿದ ಹಾಗೆ.

ತಿಮಿಂಗಿಲದ ಮರಿ. ಮರಿಯೆಂದರೂ ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಟ್ರೇಲರಿನಷ್ಟು ಉದ್ದ. ಯಾರೋ ಅದರ ಮೇಲೆ ಕಾಲಿಟ್ಟು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಇನ್ನೊಂದಷ್ಟು ಜನ ಬಾಲಕ್ಕೆ ಹಗ್ಗ ಕಟ್ಟಿ ಎಳೆಯಲು ನಿಂತಿದ್ದರು. ಅಕ್ಕೋರು ಚಪ್ಪಲಿ ಬಿಟ್ಟು ಜನರ ನಡುವೆ ನುಗ್ಗಿದ್ದು ಕಂಡಿತು, ಆಮೇಲೆ ಅವರ ದನಿ ಕೇಳಿಸಿತು. ಮಗ್ಗದ ಸದ್ದನ್ನು ಮೀರಿ ಕೂಗಿ ಪಳಗಿದ ದನಿ. ಕುರಿ ಹಿಂಡಿನ ಜೊತೆ ಕಲಿತ ಮರಾಠಿಯಲ್ಲಿ ಅವರು ಬೈದದ್ದು ನನಗೆ ಪೂರ್ತಿ ತಿಳಿಯಲಿಲ್ಲ, ಕಾಲಿಟ್ಟವನು ಮಾತ್ರ ಇಳಿದ, ಹಗ್ಗವೂ ಬಿಚ್ಚಿತು. ಬಳಿಕ ನಮ್ಮತ್ತ ತಿರುಗಿದರು. "ಅರಿವಿ ತರ್ರಿ! ಚಾದರ, ಪಂಜೆ, ಸೀರಿ, ಏನ ಇದ್ರೂ ತರ್ರಿ!"

ನೇಕಾರರ ಊರಿನ ಮಕ್ಕಳು. ಬಸ್ಸಿನಲ್ಲಿದ್ದ ಬಟ್ಟೆಯೆಲ್ಲ ಬಂತು. ಹಾಸಿಕೊಳ್ಳಲು ಮನೆಯಿಂದ ಕೊಟ್ಟಿದ್ದ ಹಳೆಯ ಸೀರೆಗಳು, ಹೊದಿಕೆಗಳು. ಅವನ್ನು ಸಮುದ್ರದಲ್ಲಿ ಅದ್ದಿ ಅಕ್ಕೋರು ಮರಿಯ ಮೈಮೇಲೆ ಹಾಸಿದರು. ನೆತ್ತಿಯ ಮೇಲಿನ ಉಸಿರಿನ ತೂತು ಮಾತ್ರ ಬಿಟ್ಟು. "ಬಿಸಲಿಗೆ ಮೈ ಸುಡತೈತಿ. ಇಲ್ಲೆ ಮಾತ್ರ ಒಂದ ಹನಿ ನೀರು ಹೋಗಬಾರದು, ಉಸುಕೂ ಹೋಗಬಾರದು" ಎಂದು ಆ ತೂತಿನ ಪಕ್ಕ ಅಂಗೈ ಇಟ್ಟು ಕುಳಿತರು. ಈದ ಕುರಿಯ ಮರಿ ಬದುಕಿದೆಯೋ ಎಂದು ಮೂಗಿನ ಮುಂದೆ ಕೈ ಹಿಡಿಯುತ್ತಾರಲ್ಲ, ಹಾಗೆ. ಮೀನುಗಾರರೂ ಕೂಡಿಕೊಂಡರು, ಮರಿಯ ಸುತ್ತ ಮರಳು ತೋಡಿ ನೀರು ನಿಲ್ಲಿಸಿದರು. ಅರಣ್ಯದವರು ಬಂದರು. ಭರತ ಬರುವವರೆಗೆ, ಅಂದರೆ ಸಮುದ್ರ ಏರುವವರೆಗೆ ಹೀಗೇ ಕಾಯಬೇಕು ಅಂದರು.

ಹೆಡ್ ಮಾಸ್ತರರು ಚಡಪಡಿಸುತ್ತಿದ್ದರು. "ಅಕ್ಕೋರ, ಹುಡುಗೂರ ಹಸದಾವ್ರಿ. ಮುಂದ ಗುಡಿ ನೋಡೂದೈತಿ."

"ನೀವ ಕರಕೊಂಡ ಹೋಗ್ರಿ ಸರ್. ನಾ ಇಲ್ಲೇ ಇರ್ತೇನಿ."

"ಅದಕ್ಕ ನೀವು ಏನ ಮಾಡವರ್ರಿ?"

"ಏನೂ ಇಲ್ರಿ," ಅಂದರು ಅಕ್ಕೋರು, ಕೈ ತೆಗೆಯದೆ. "ಜೋಡಿ ಇರ್ತೇನಿ, ಅಷ್ಟ."

ಮಾಸ್ತರರು ನನ್ನನ್ನು ಅವರ ಜೊತೆ ಬಿಟ್ಟು ಮಕ್ಕಳನ್ನು ಕರೆದುಕೊಂಡು ಹೋದರು. ಬಟ್ಟೆ ಒಣಗಿದಂತೆಲ್ಲ ನಾವು ನೀರು ಹೊತ್ತೆವು. ಮರಿಯ ಕಣ್ಣು ಬಾಯಿಯ ಮೂಲೆಯ ಹತ್ತಿರ, ಎತ್ತಿನ ಕಣ್ಣಿನಂಥದ್ದು. ಅದು ನಮ್ಮನ್ನು ನೋಡುತ್ತಿತ್ತೋ ಇಲ್ಲವೋ... ಮಧ್ಯಾಹ್ನ ಒಬ್ಬ ಮುದಿ ಮೀನುಗಾರ ಅಕ್ಕೋರ ಭುಜ ಮುಟ್ಟಿ ಸಮುದ್ರದತ್ತ ಕೈ ತೋರಿಸಿದ. ದೂರದಲ್ಲಿ ನೀರಿನಿಂದ ಬೆಳ್ಳಗೆ ಹಬೆಯಂಥದ್ದು ಎದ್ದು ಗಾಳಿಯಲ್ಲಿ ಕರಗಿತು. ತಾಯಿ ಅದು, ಬೆಳಗಿನಿಂದ ಅಲ್ಲೇ ತಿರುಗುತ್ತಿದೆ, ಆಳವಿಲ್ಲದ್ದರಿಂದ ಈಚೆ ಬರಲಾರದು ಎಂದು ಅವನು ಹೇಳಿದ್ದನ್ನು ಅಕ್ಕೋರು ನನಗೆ ಕನ್ನಡದಲ್ಲಿ ಹೇಳಿದರು.

ಭರತ ಏರಿತು. ಸೀರೆಗಳನ್ನೇ ಮರಿಯ ಹೊಟ್ಟೆಯಡಿ ತೂರಿಸಿ, ಎರಡು ಬದಿಗೂ ಜನ ಹಿಡಿದು, ದೋಣಿಯ ನೆರವಿನಿಂದ ಅದನ್ನು ಆಳಕ್ಕೆ ಒಯ್ದರು. ಅಕ್ಕೋರು ಎದೆಮಟ್ಟ ನೀರಿನಲ್ಲಿದ್ದರು. ಮರಿ ಒಮ್ಮೆ ಹೊರಳಿ, ಬಾಲ ಬಡಿದು, ನೀರೊಳಗೆ ಹೋಯಿತು. ದಂಡೆಯಲ್ಲಿ ಚಪ್ಪಾಳೆ, ಸಿಳ್ಳೆ. ಅಕ್ಕೋರು ತೊಯ್ದು ನಡುಗುತ್ತ ಬಂದು ನನ್ನನ್ನು ಅಪ್ಪಿಕೊಂಡರು. ಅವರು ಅಷ್ಟು ನಕ್ಕದ್ದನ್ನು ನಾನು ಹಿಂದೆ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಬಸ್ಸು ಹೊರಡುವ ಮೊದಲು ಆ ಮುದಿ ಮೀನುಗಾರ ನಾವಿಳಿದುಕೊಂಡಿದ್ದ ಛತ್ರದ ಬಾಗಿಲಿಗೆ ಬಂದ. ಅವನ ಮುಖ ನೋಡಿಯೇ ಅಕ್ಕೋರು ಎದ್ದರು.

ಮರಿ ಅದೇ ದಂಡೆಗೆ ಮರಳಿತ್ತು. ಈ ಸಲ ಉಸಿರಿರಲಿಲ್ಲ. ಮಗ್ಗುಲಾಗಿ ಬಿದ್ದಿತ್ತು, ಒಂದು ಸೀರೆ ಇನ್ನೂ ರೆಕ್ಕೆಗೆ ಸುತ್ತಿಕೊಂಡಿತ್ತು. ನೆಲದ ಮೇಲೆ ಬಿದ್ದ ತಿಮಿಂಗಿಲಕ್ಕೆ ತನ್ನ ಭಾರವೇ ಶತ್ರು, ಒಳಗಿನ ಅಂಗಗಳು ಜಜ್ಜಿಹೋಗುತ್ತವೆ, ಮೇಲೆ ಹಾಲಿಲ್ಲದೆ ಎಷ್ಟು ಹೊತ್ತಾಗಿತ್ತೋ ಎಂದು ಅರಣ್ಯದವನು ಹೇಳಿದ. ಅಕ್ಕೋರಿಗೆ ಅದೆಲ್ಲ ಗೊತ್ತಿತ್ತು. ಸೀರೆಯನ್ನು ನಿಧಾನ ಬಿಡಿಸಿ, ಹಿಂಡಿ, ಮಡಚಿ, ಮರಳಿನಲ್ಲಿ ಮೊಣಕಾಲೂರಿ ಕುಳಿತರು. ಆಚೆ ಸಮುದ್ರದಲ್ಲಿ ಆ ಹಬೆ ಮತ್ತೊಮ್ಮೆ ಎದ್ದಿತು.

"ಆಕಿ ಇನ್ನೂ ಅಲ್ಲೇ ಅದಾಳ ನೋಡ ತಂಗಿ," ಅಂದರು.

ನಾನು ಹತ್ತಿರ ಕುಳಿತೆ. ನನ್ನ ಕಡೆ ನೋಡದೆಯೇ ಹೇಳಿದರು. ಮದುವೆಯಾದ ಎರಡನೆಯ ವರ್ಷ ಹೆಣ್ಣು ಮಗು ಹುಟ್ಟಿತಂತೆ. ಹೆರಿಗೆ ಕಷ್ಟವಾಗಿ ಇವರಿಗೆ ಎಚ್ಚರ ತಪ್ಪಿತ್ತು. ಎಚ್ಚರವಾಗುವ ಹೊತ್ತಿಗೆ ಮಗು ಸತ್ತು, ಹುಗಿದೂ ಬಂದಿದ್ದರು. ತೋರಿಸಿದರೆ ಹಂಬಲ ಹೆಚ್ಚಾಗುತ್ತದೆ ಎಂದು ಹಿರಿಯರು ಅವಸರ ಮಾಡಿದ್ದರು. ಎಲ್ಲಿ ಹುಗಿದಿರಿ ಎಂದು ಕೇಳಿದರೆ, ತಾಯಿ ಅದನ್ನು ಕೇಳಬಾರದು ಅಂದರು. ಆಮೇಲೆ ಮಕ್ಕಳಾಗಲಿಲ್ಲ. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತಲಿಲ್ಲ, ಗಂಡನೂ.

"ನನಗಿಂತ ಆಕಿ ಪಾಡ ಚಲೋ," ಅಂದರು ಅಕ್ಕೋರು, ಸಮುದ್ರ ನೋಡುತ್ತ. "ಮರಿ ಎಲ್ಲೈತಿ ಅಂತ ಆಕಿಗೆ ಗೊತ್ತೈತಿ."

ಊರಿಗೆ ಬಂದ ಮೇಲಿನ ಶನಿವಾರ, ಚೀಲ ಹೆಗಲಿಗೆ ಹಾಕಿಕೊಂಡು ನನ್ನ ಬಾಗಿಲಲ್ಲಿ ನಿಂತು, "ನೀ ಬರ್ತಿ ಏನ?" ಅಂದರು. ಯಾಕೆಂದು ಕೇಳುವ ಅಗತ್ಯವಿರಲಿಲ್ಲ. ಜಮಖಂಡಿಯಲ್ಲಿ ಬಸ್ಸು ಬದಲಿಸಿ ಗಲಗಲಿಯ ಮೇಲೆ ಹೋದೆವು. ಬಾಡಗಂಡಿಯ ಫ್ಯಾಕ್ಟರಿಗೆ ಹೊರಟ ಕಬ್ಬಿನ ಗಾಡಿಗಳು ದಾರಿಯುದ್ದಕ್ಕೂ ಅಡ್ಡವಾಗುತ್ತಿದ್ದವು.

ಮನೆಯ ಕಟ್ಟೆಯ ಮೇಲೆ ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ಗಂಡ, ತೆಳ್ಳಗೆ ಉದ್ದನೆಯ ಆಳು, ಒಳಗಿನಿಂದ ನೀರಿನ ತಂಬಿಗೆ ತಂದರು. ಅಕ್ಕೋರು ತಂಬಿಗೆ ಮುಟ್ಟಲಿಲ್ಲ. ನಿಂತಲ್ಲೇ ಕೇಳಿದರು, "ಅತ್ತಿ, ನನ್ನ ಕೂಸನ್ನ ಎಲ್ಲಿ ಇಟ್ಟೀರಿ? ತೋರಸ್ರಿ."

ಅತ್ತೆಯ ಕೈಯಲ್ಲಿನ ಕಾಯಿ ಹಾಗೇ ಉಳಿಯಿತು. "ಏನ ಬಂತು ನಿನಗ? ಹ್ವಾದದ್ದನ್ನ ಈಗ ಯಾಕ ಕೆದರತಿ? ಮಂದಿ ಮುಂದ..." ಎಂದು ನನ್ನತ್ತ ನೋಡಿದರು.

"ಮಂದಿ ಇರ್ಲಿ. ನಾ ಸಿಟ್ಟೀಲೆ ಕೇಳಾಕತ್ತಿಲ್ಲ. ನೋಡಬೇಕಾಗೇತಿ, ಅಷ್ಟ."

"ಅದು ಯಾರಿಗೆ ನೆನಪೈತವ್ವಾ? ಎಷ್ಟ ವರ್ಷಾತು..."

ಗಂಡ ತಂಬಿಗೆಯನ್ನು ಕೆಳಗಿಟ್ಟರು. "ಯವ್ವಾ, ಸಾಕ ಬಿಡು," ಅಂದರು. ಚಪ್ಪಲಿ ಮೆಟ್ಟಿ, ಹೆಂಡತಿಯತ್ತ ನೋಡಿ, "ಬಾ" ಅಂದರು.

ಹಿತ್ತಲು ದಾಟಿ ಹೊಳೆಯ ಕಡೆಗೆ ಇಳಿಯುವ ದಾರಿ. ಆಮೇಲೆ ದಾರಿಯೂ ಇರಲಿಲ್ಲ, ತಲೆ ಮೀರಿದ ಕಬ್ಬು. ಅವರು ಎರಡೂ ಕೈಯಿಂದ ಗರಿ ಸರಿಸುತ್ತ ಮುಂದೆ, ಹಿಂದೆ ಅಕ್ಕೋರು, ಅವರ ಹಿಂದೆ ನಾನು. ಎಲ್ಲಿಯೂ ತಡವರಿಸಲಿಲ್ಲ. ಬಹಳ ಒಳಗೆ ಹೋದ ಮೇಲೆ ಕಬ್ಬು ಒಮ್ಮೆಲೇ ತೆರೆದುಕೊಂಡಿತು. ಒಂದು ಕಂಬಳಿ ಹಾಸುವಷ್ಟು ಜಾಗ, ಸುತ್ತ ಕಬ್ಬಿದ್ದರೂ ಅಲ್ಲಿ ಮಾತ್ರ ಹುಲ್ಲು. ನಡುವೆ ಹೊಳೆಯಿಂದ ತಂದ ನುಣ್ಣನೆಯ ಒಂದು ಗುಂಡುಕಲ್ಲು.

"ಪ್ರತಿ ಸಲ ಕಬ್ಬು ಹಚ್ಚುವಾಗ ಇಷ್ಟ ಬಿಡತೇನಿ," ಅಂದರು ಗಂಡ. "ಅವ್ವ ಕೇಳಿದ್ರ, ಕೆಳಗ ಬಂಡೆಗಲ್ಲ ಐತಿ, ನೇಗಿಲಾ ಇಳಿಯೂದಿಲ್ಲ ಅಂತೇನಿ."

ಅಕ್ಕೋರು ಅವರನ್ನೇ ನೋಡಿದರು. "ನೀವ ಬರತಿದ್ರಿ?"

"ಬರತಿದ್ದೆ."

"ಒಬ್ರ?"

ಅವರು ಹೌದೆಂದು ತಲೆಯಾಡಿಸಿದರು. "ನೀ ಮರತಿದ್ದಿ ಅಂತ ತಿಳದಿದ್ದೆ. ನೆನಪ ಮಾಡಿ ಯಾಕ ಮತ್ತ ಅಳಸಲಿ ಅಂತ..."

ಅಕ್ಕೋರು ಹುಲ್ಲಿನ ಮೇಲೆ ಕುಳಿತರು. ಕಲ್ಲಿಗೆ ಅಂಗೈ ತಾಗಿಸಿದರು. ಕೈ ತೆಗೆಯದೆಯೇ ಕೇಳಿದರು, "ಹೆಂಗಿದ್ಲು?"

"ಕೂದಲಾ ಭಾಳ ಇದ್ದೂ," ಅಂದರು ಅವರು. "ಹಣಿ ನಿಂದ. ಕೈ... ನನ್ನ ಬೆರಳ ಹಿಡದಂಗ ಇತ್ತು, ಆದ್ರ ಜೀವ ಇರಲಿಲ್ಲ ಆಗ."

ನಾನು ಹಿಂದೆ ಸರಿದು ಕಬ್ಬಿನೊಳಗೆ ನಿಂತೆ. ಗಾಳಿಗೆ ಗರಿಗಳು ಸರಸರ ಅನ್ನುತ್ತಿದ್ದವು. ಆ ಸದ್ದಿನೊಳಗೆ ಅವರಿಬ್ಬರೂ ಅಳುವುದು ಕೇಳಿಸಿತು. ಮೊದಲು ಅವರ ಗಂಡ, ಆಮೇಲೆ ಅಕ್ಕೋರು.

ಅಂದಿನಿಂದ ಅಕ್ಕೋರು ಸುಖವಾಗಿದ್ದರು ಎಂದರೆ ಸುಳ್ಳಾದೀತು. ಮುಖದಲ್ಲಿ ಒಂದು ಬಿಗಿ ಸಡಿಲಿತ್ತು, ಅಷ್ಟೇ. ಶನಿವಾರದ ಬಸ್ಸಿಗೆ ಮುಂಚಿಗಿಂತ ಬೇಗ ಹೊರಡುತ್ತಿದ್ದರು. ಒಮ್ಮೆ ಸೋಮವಾರ ಬಂದವರು, ರೊಟ್ಟಿ ಬಡಿಯುತ್ತ, "ಆಕಿಗೆ ಒಂದು ಹೆಸರ ಇಟ್ಟೇವಿ" ಅಂದರು. ಏನೆಂದು ಹೇಳಲಿಲ್ಲ. ತಿಮಿಂಗಿಲದ ಪಾಠವನ್ನು ಪ್ರತಿ ವರ್ಷ ಮಾಡುತ್ತಲೇ ಇದ್ದರು. ಮರಿ ಹೊತ್ತ ತಾಯಿಯ ವಿಷಯ ಯಾರೂ ಕೇಳದಿದ್ದರೂ ತಾವೇ ಹೇಳುತ್ತಿದ್ದರು. ಆಮೇಲೆ ನನಗೆ ಮುಧೋಳಕ್ಕೆ ವರ್ಗವಾಯಿತು. ಫೋನಿನಲ್ಲಿ ಮಾತು, ಹಬ್ಬಕ್ಕೊಮ್ಮೆ ಭೇಟಿ...

ಅವರು ತೀರಿಕೊಂಡು ಎರಡು ಮಳೆಗಾಲ ಕಳೆದವು. ಹೊಟ್ಟೆಯಲ್ಲಿ ಗಂಟು. ಮೀರಜಿನ ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಹಬ್ಬಿಹೋಗಿತ್ತು. ಕೊನೆಗೆ ನೋಡಲು ಹೋದಾಗ, ತಮ್ಮನ್ನು ಮಗಳ ಪಕ್ಕದಲ್ಲಿ ಇಡಬೇಕೆಂದು ಗಂಡನಿಗೆ ಹೇಳಿರುವುದಾಗಿ ತಿಳಿಸಿದರು. ಹೋದದ್ದು ತುಂಬು ಮಳೆಗಾಲದಲ್ಲಿ. ಕೃಷ್ಣೆ ಏರಿ, ಹಿನ್ನೀರು ಕೆಳಗಿನ ಹೊಲವನ್ನೆಲ್ಲ ನುಂಗಿತ್ತು. ಮನೆಯ ಹಿಂದಿನ ಎತ್ತರದಲ್ಲಿ, ಬೇವಿನ ಗಿಡದ ಕೆಳಗೆ ಮಣ್ಣು ಮಾಡಿದರು.

ಸಂತೆಯಿಂದ ಬಂದ ಮೇಲೆ ಮನಸ್ಸು ನಿಲ್ಲಲಿಲ್ಲ. ಮೊನ್ನೆ ಭಾನುವಾರ ಹೋಗಿ ಬಂದೆ. ಬೇವಿನ ಕೆಳಗೆ ನಿಂತು ಕೈ ಮುಗಿದೆ. ಅವರ ಗಂಡ ಪಕ್ಕದಲ್ಲೇ ನಿಂತಿದ್ದರು, ಇನ್ನಷ್ಟು ತೆಳ್ಳಗಾಗಿದ್ದರು. ಆಮೇಲೆ ಇಬ್ಬರೂ ನೀರಿನ ಅಂಚಿಗೆ ಇಳಿದೆವು. ಈ ವರ್ಷವೂ ಹೊಲ ಮುಳುಗಿದೆ. ಕಣ್ಣು ಹಾಯುವವರೆಗೆ ಕೆಂಪು ನೀರು. ಅಲ್ಲಲ್ಲಿ ಕಬ್ಬಿನ ಒಣ ತುದಿಗಳು.

"ಯಾವ ಕಡೆರಿ ಅಣ್ಣಾರ?" ಅಂದೆ.

"ಆ ಜಾಲಿ ಗಿಡದ ನೆತ್ತಿ ಕಾಣತೈತಲ್ರಿ, ಅದರ ಈಚಿಗೆ." ಅವರು ಕೈ ಚಾಚಿ ತೋರಿಸಿದರು. ಚಾಚಿದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. "ಬ್ಯಾಸಗಿಗೆ ನೀರ ಇಳಿತಾವ. ಕಲ್ಲು ಎಲ್ಲಿ ಹೋತೋ, ಆದ್ರ ಜಾಗಾ ನನಗ ಗೊತ್ತೈತಿ. ಆಕಿ ಇದ್ದಾಗ ಇಬ್ರೂ ಕೂಡಿ ಒಂದ ಕಡೆ ಕುಂದರತಿದ್ವಿ. ಈಗ ಎರಡ ಕಡೆ ಆಗೇತಿ. ನಾ ಒಬ್ಬನ ಅದೇನಿ."

ಅವರು ದಂಡೆಯ ಮೇಲೆ ಕುಳಿತರು. ನಾನೂ ಕುಳಿತೆ. ಊರ ಕಡೆ ಜಮಖಂಡಿಯ ಬಸ್ಸು ಬಂದು ನಿಂತ ಸದ್ದಾಯಿತು, ಹಾರ್ನ್ ಹಾಕಿತು. ಅವರು ನನ್ನತ್ತ ತಿರುಗಿ, "ನಿಮ್ಮ ಬಸ್ಸು ಬಂತ್ರಿ" ಅಂದರು.

"ಹೋಗ್ಲಿ ಬಿಡ್ರಿ," ಅಂದೆ.

ಬಸ್ಸು ಹೋಯಿತು. ನಾವು ನೀರು ನೋಡುತ್ತ ಅಲ್ಲೇ ಕುಳಿತಿದ್ದೆವು.